ಅಮೆರಿಕದ ಕಾಲೇಜು ಫುಟ್‌ಬಾಲ್: ವೇಳಾಪಟ್ಟಿ ಮತ್ತು ಜಿದ್ದಿನ ಪಂದ್ಯಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಓದು ಅಥವಾ ಉದ್ಯೋಗದ ಸಲುವಾಗಿ ಅಮೆರಿಕದ ವಿಶ್ವವಿದ್ಯಾಲಯಗಳ ಊರುಗಳಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಫುಟ್‌ಬಾಲ್ ಶನಿವಾರಗಳಿಗೆ ಬಲುಬೇಗ ಒಗ್ಗಿಕೊಳ್ಳುತ್ತಾರೆ. ಆದರೆ ಯಾವ ತಂಡ ಯಾವ ವರ್ಷ ಯಾರೊಂದಿಗೆ ಎಲ್ಲಿ ಆಡಬೇಕು ಎಂಬುದನ್ನು ತೀರ್ಮಾನಿಸುವವರು ಯಾರು, ನೂರು ವರ್ಷ ನಡೆದುಬಂದ ಪಂದ್ಯವೊಂದು ಇದ್ದಕ್ಕಿದ್ದಂತೆ ಪಟ್ಟಿಯಿಂದ ಏಕೆ ಮಾಯವಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ಹುಟ್ಟಿ ಬೆಳೆದವರಿಗೂ ಸುಲಭವಾಗಿ ಸಿಗುವುದಿಲ್ಲ. ಈ ಬರಹದ ಉದ್ದಕ್ಕೂ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಚರ್ಚೆ ಮುಖ್ಯವಾಗಿ ಪುರುಷರ ಕಾಲೇಜು ಆಟದ ಅತ್ಯುನ್ನತ ಶ್ರೇಣಿಗೆ ಸಂಬಂಧಿಸಿದ್ದು.

ಕಾನ್ಫರೆನ್ಸ್ ಎಂದರೇನು? ವೇಳಾಪಟ್ಟಿಯನ್ನು ಸಿದ್ಧಪಡಿಸುವವರು ಯಾರು?

ಕಾನ್ಫರೆನ್ಸ್ ಎಂದರೆ ತಮ್ಮೊಳಗೆ ನಿಯಮಿತವಾಗಿ ಆಡಲು ಒಪ್ಪಿಕೊಂಡ ವಿಶ್ವವಿದ್ಯಾಲಯಗಳ ಒಕ್ಕೂಟ. ಬಿಗ್ ಟೆನ್ 1896ರಲ್ಲಿ ಹುಟ್ಟಿದ ಒಕ್ಕೂಟವಾದರೆ, ದಕ್ಷಿಣದ ರಾಜ್ಯಗಳ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ, 1932ರಲ್ಲಿ ರೂಪುಗೊಂಡಿತು. ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆ ಋತುವಿನ ಗಡಿಯನ್ನೂ ಪಂದ್ಯಗಳ ಗರಿಷ್ಠ ಸಂಖ್ಯೆಯನ್ನೂ ನಿಗದಿಪಡಿಸುತ್ತದೆಯೇ ಹೊರತು ಯಾರು ಯಾರೊಂದಿಗೆ ಆಡಬೇಕೆಂದು ಹೇಳುವುದಿಲ್ಲ. 2006ರಿಂದ ಈ ಮಿತಿ ಒಂದು ತಂಡಕ್ಕೆ 12 ಪಂದ್ಯಗಳು. ಹವಾಯಿ ದ್ವೀಪಕ್ಕೆ ಹೋಗಿ ಆಡುವ ತಂಡಕ್ಕೆ ಮಾತ್ರ, ಪ್ರಯಾಣದ ಖರ್ಚು ತುಂಬಿಕೊಳ್ಳಲೆಂದು, 13ನೆಯ ಪಂದ್ಯಕ್ಕೆ ಅವಕಾಶವಿದೆ.

ಈ 12ರಲ್ಲಿ 8 ಅಥವಾ 9 ಪಂದ್ಯಗಳನ್ನು ಕಾನ್ಫರೆನ್ಸಿನ ಕಚೇರಿ ನಿಗದಿ ಮಾಡುತ್ತದೆ. ಉಳಿದವನ್ನು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು ತಾವೇ ಒಪ್ಪಂದ ಮಾಡಿಕೊಂಡು ತುಂಬುತ್ತಾರೆ. ಒಂದೆರಡು ಅಪವಾದಗಳನ್ನು ಬಿಟ್ಟರೆ ಎಲ್ಲವೂ ಆಗಸ್ಟ್ ಕೊನೆಯಿಂದ, ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಶನಿವಾರದೊಳಗೆ ಮುಗಿಯಬೇಕು. ಸಾಮಾನ್ಯ ವರ್ಷದಲ್ಲಿ ಪ್ರತಿ ತಂಡಕ್ಕೂ ಒಂದು ಬಿಡುವಿನ ವಾರ ಸಿಗುತ್ತದೆ. ಕ್ಯಾಲೆಂಡರಿನಲ್ಲಿ ಒಂದು ಶನಿವಾರ ಹೆಚ್ಚಿಗೆ ಬರುವ 2024, 2025ರಂತಹ ವರ್ಷಗಳಲ್ಲಿ ಎರಡು ಸಿಗುತ್ತವೆ.

ಎಲ್ಲರೂ ಎಲ್ಲರೊಂದಿಗೂ ಆಡಿದರೆ ಈ ತೊಡಕೇ ಇರುವುದಿಲ್ಲವಲ್ಲ?

ಒಕ್ಕೂಟ ಚಿಕ್ಕದಾಗಿದ್ದರೆ ಅದು ಸಾಧ್ಯ, ಮತ್ತು ಅದಕ್ಕಿಂತ ನ್ಯಾಯವಾದ ಕ್ರಮ ಮತ್ತೊಂದಿಲ್ಲ. ಹಾರ್ವರ್ಡ್, ಯೇಲ್ ಮುಂತಾದ 8 ವಿಶ್ವವಿದ್ಯಾಲಯಗಳಿರುವ ಐವಿ ಲೀಗ್‌ನಲ್ಲಿ ಪ್ರತಿ ತಂಡವೂ ಉಳಿದ 7 ತಂಡಗಳೊಂದಿಗೆ ಪ್ರತಿವರ್ಷ ಆಡುತ್ತದೆ. ಹಾಗಾಗಿ 1875ರಲ್ಲಿ ಆರಂಭವಾದ ಹಾರ್ವರ್ಡ್–ಯೇಲ್ ಪಂದ್ಯವನ್ನು ರಕ್ಷಿಸಲು ಅಲ್ಲಿ ಯಾವ ವಿಶೇಷ ನಿಯಮವೂ ಬೇಕಾಗಿಲ್ಲ. ಬಿಗ್ ಟ್ವೆಲ್ವ್ ಒಕ್ಕೂಟವೂ 2011ರಿಂದ 2022ರವರೆಗೆ 10 ತಂಡಗಳಷ್ಟೇ ಇದ್ದ ಕಾಲದಲ್ಲಿ ಪ್ರತಿ ತಂಡಕ್ಕೆ 9 ಪಂದ್ಯಗಳಂತೆ ಎಲ್ಲರನ್ನೂ ಎಲ್ಲರೊಂದಿಗೆ ಆಡಿಸುತ್ತಿತ್ತು.

ಆದರೆ ಬಿಗ್ ಟೆನ್‌ನಲ್ಲಿ ಈಗ 18 ತಂಡಗಳಿವೆ. ಎಲ್ಲರೊಂದಿಗೂ ಆಡಲು ಒಂದೊಂದು ತಂಡಕ್ಕೆ 17 ಶನಿವಾರಗಳು ಬೇಕು. ದೇಹಕ್ಕೆ ಇಷ್ಟೊಂದು ಪೆಟ್ಟು ಬೀಳುವ ಆಟವನ್ನು ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಆಡುವಂತಿಲ್ಲವಾದ್ದರಿಂದ ಶನಿವಾರಗಳನ್ನು ಹೆಚ್ಚಿಸುವ ದಾರಿಯೂ ಇಲ್ಲ.

ಕೆಲವು ಕಾನ್ಫರೆನ್ಸ್‌ಗಳಲ್ಲಿ 8, ಕೆಲವದರಲ್ಲಿ 9 ಪಂದ್ಯಗಳು ಏಕೆ? ಆ ಒಂದು ಪಂದ್ಯದಿಂದ ಏನು ವ್ಯತ್ಯಾಸವಾಗುತ್ತದೆ?

ಹೊರನೋಟಕ್ಕೆ ಸಣ್ಣದಾಗಿ ಕಾಣುವ ಈ ಒಂದು ಪಂದ್ಯದ ಮೇಲೆ ಎಸ್‌ಇಸಿ ವರ್ಷಗಟ್ಟಲೆ ಚರ್ಚಿಸಿತು. ಬಿಗ್ ಟೆನ್ 2016ರಿಂದ 9 ಪಂದ್ಯಗಳನ್ನು ಆಡುತ್ತಿದೆ. ಎಸ್‌ಇಸಿ 1992ರಿಂದ 2025ರವರೆಗೆ, ಕೋವಿಡ್ ಬಾಧಿಸಿದ 2020ನ್ನು ಬಿಟ್ಟರೆ, 8ಕ್ಕೇ ಅಂಟಿಕೊಂಡಿತ್ತು. 9ರಂತಹ ಬೆಸ ಸಂಖ್ಯೆಯಲ್ಲಿ ಅರ್ಧದಷ್ಟು ತಂಡಗಳಿಗೆ 5 ತವರು ಪಂದ್ಯಗಳು, ಉಳಿದ ಅರ್ಧಕ್ಕೆ 4 ಮಾತ್ರ ಸಿಗುತ್ತವೆ ಎಂಬುದು ಒಂದು ಆಕ್ಷೇಪವಾಗಿತ್ತು. ಒಳಗಿನ ಪಂದ್ಯ ಒಂದು ಹೆಚ್ಚಾದರೆ ಒಕ್ಕೂಟದ ಅರ್ಧ ತಂಡಗಳು ಇನ್ನೊಂದು ಸೋಲನ್ನು ಅನುಭವಿಸಲೇಬೇಕು, ದುರ್ಬಲ ಎದುರಾಳಿಯನ್ನು ತವರಿಗೆ ಕರೆಸಿ ಸುಲಭವಾಗಿ ಗೆಲ್ಲುವ ಅವಕಾಶವೂ ಒಂದು ಕಡಿಮೆಯಾಗುತ್ತದೆ ಎಂಬುದು ಇನ್ನೊಂದು.

ಆದರೆ ಜಿದ್ದಿನ ಪಂದ್ಯಗಳ ದೃಷ್ಟಿಯಿಂದ ಲೆಕ್ಕ ಹಾಕಿದರೆ ವಿಷಯ ಬೇರೆಯಾಗುತ್ತದೆ. 16 ತಂಡಗಳ ಎಸ್‌ಇಸಿಯಲ್ಲಿ ಪ್ರತಿ ತಂಡಕ್ಕೂ 15 ಎದುರಾಳಿಗಳಿದ್ದಾರೆ. ಪ್ರತಿ ಎದುರಾಳಿಯನ್ನು ಎರಡು ವರ್ಷಕ್ಕೊಮ್ಮೆಯಾದರೂ ಭೇಟಿಯಾಗಬೇಕೆಂಬ ನಿಯಮವಿಟ್ಟುಕೊಂಡು 8 ಪಂದ್ಯಗಳನ್ನಷ್ಟೇ ಆಡಿದರೆ, ಪ್ರತಿವರ್ಷ ಆಡುವ ಕಾಯಂ ಎದುರಾಳಿ ಒಬ್ಬರೇ ಇರಲು ಸಾಧ್ಯ. ಉಳಿದ 14 ತಂಡಗಳು ವರ್ಷಕ್ಕೆ 7ರಂತೆ ಸರದಿಯಲ್ಲಿ ಬರುತ್ತವೆ. ಅದೇ 9 ಪಂದ್ಯಗಳಾದರೆ ಮೂವರು ಕಾಯಂ ಎದುರಾಳಿಗಳನ್ನು ಇಟ್ಟುಕೊಂಡು ಉಳಿದ 12 ತಂಡಗಳನ್ನು ವರ್ಷಕ್ಕೆ 6ರಂತೆ ಎರಡೇ ವರ್ಷದಲ್ಲಿ ಮುಗಿಸಬಹುದು. ಒಂದೇ ಒಂದು ಹೆಚ್ಚುವರಿ ಪಂದ್ಯದಿಂದ ಪ್ರತಿ ತಂಡಕ್ಕೂ ಎರಡು ಹೆಚ್ಚುವರಿ ಜಿದ್ದಿನ ಪಂದ್ಯಗಳು ಉಳಿಯುತ್ತವೆ ಎಂಬುದು ಈ ಲೆಕ್ಕದ ತಿರುಳು. 8 ಪಂದ್ಯಗಳ ಕ್ರಮ ಉಳಿದಿದ್ದರೆ ಅಲಬಾಮಾ ತಂಡವು ಆಬರ್ನ್ ಮತ್ತು ಟೆನೆಸಿಗಳಲ್ಲಿ ಒಂದನ್ನು, ಟೆಕ್ಸಸ್ ತಂಡವು ಒಕ್ಲಹೋಮ ಮತ್ತು ಟೆಕ್ಸಸ್ ಎ ಅಂಡ್ ಎಂ ತಂಡಗಳಲ್ಲಿ ಒಂದನ್ನು ಮಾತ್ರ ಪ್ರತಿವರ್ಷ ಎದುರಿಸಲು ಸಾಧ್ಯವಾಗುತ್ತಿತ್ತು. ಅಂತಹ ಆಯ್ಕೆಯನ್ನು ಯಾವ ಊರಿನ ಮೇಲೂ ಹೇರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಗೆ 2025ರ ಆಗಸ್ಟ್‌ನಲ್ಲಿ ಎಸ್‌ಇಸಿ 2026ರಿಂದ 9 ಪಂದ್ಯಗಳಿಗೆ ಬದಲಾಗುವುದಾಗಿ ಪ್ರಕಟಿಸಿತು.

ಎಸ್‌ಇಸಿಯ ಕಾಯಂ ಎದುರಾಳಿಗಳು ಯಾರು? ಅವರನ್ನು ಹೇಗೆ ಆರಿಸಲಾಯಿತು?

ಹಳೆಯ ಜಿದ್ದು ಮತ್ತು ತಂಡಗಳ ಬಲಾಬಲದ ಸಮತೋಲನ ಇವೆರಡನ್ನೂ ಗಮನದಲ್ಲಿಟ್ಟುಕೊಂಡು 2026ರಿಂದ 2029ರವರೆಗಿನ ನಾಲ್ಕು ವರ್ಷಗಳಿಗೆ ಈ ಜೋಡಿಗಳನ್ನು ನಿಗದಿಪಡಿಸಲಾಗಿದೆ. ಆ ಬಳಿಕ ಮರುಪರಿಶೀಲನೆ ನಡೆಯುತ್ತದೆ. ಅಲಬಾಮಾಕ್ಕೆ ಆಬರ್ನ್, ಟೆನೆಸಿ ಮತ್ತು ಮಿಸಿಸಿಪ್ಪಿ ಸ್ಟೇಟ್. ಜಾರ್ಜಿಯಾಕ್ಕೆ ಆಬರ್ನ್, ಫ್ಲಾರಿಡಾ ಮತ್ತು ಸೌತ್ ಕ್ಯಾರೊಲಿನಾ. ಟೆಕ್ಸಸ್‌ಗೆ ಒಕ್ಲಹೋಮ, ಟೆಕ್ಸಸ್ ಎ ಅಂಡ್ ಎಂ ಮತ್ತು ಆರ್ಕನ್ಸಾ. ಹೀಗೆ ಒಕ್ಕೂಟದಲ್ಲಿ ಒಟ್ಟು 24 ಜೋಡಿಗಳು ಪ್ರತಿವರ್ಷ ಮುಖಾಮುಖಿಯಾಗುತ್ತವೆ.

ಟೆಕ್ಸಸ್–ಆರ್ಕನ್ಸಾ ಜೋಡಿ ಮರಳಿದ್ದು ವಿಶೇಷವಾಗಿ ಸಂತೋಷ ತರುವ ಸಂಗತಿ. ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಹಳೆಯ ಒಕ್ಕೂಟದಲ್ಲಿ ಇವೆರಡೂ ದಶಕಗಳ ಕಾಲ ಜೊತೆಗಿದ್ದು, ಆರ್ಕನ್ಸಾ 1990ರ ದಶಕದ ಆರಂಭದಲ್ಲಿ ಎಸ್‌ಇಸಿ ಸೇರಿದಾಗ ಬೇರೆಯಾಗಿದ್ದವು. ಇನ್ನೊಂದು ಕಡೆ ನಷ್ಟವೂ ಆಗಿದೆ. 1992ರಿಂದ ವರ್ಷ ವರ್ಷವೂ ನಡೆಯುತ್ತ ಎಷ್ಟೋ ಬಾರಿ ಇಡೀ ಋತುವಿನ ದಿಕ್ಕನ್ನು ನಿರ್ಧರಿಸಿದ್ದ ಅಲಬಾಮಾ–ಎಲ್‌ಎಸ್‌ಯು ಮತ್ತು ಫ್ಲಾರಿಡಾ–ಟೆನೆಸಿ ಪಂದ್ಯಗಳು ಇನ್ನು ಮುಂದೆ ಎರಡು ವರ್ಷಕ್ಕೊಮ್ಮೆ ಬರುವ ಸರದಿಯ ಪಂದ್ಯಗಳಾಗುತ್ತವೆ. ಮೂರು ಸ್ಥಾನಗಳಿದ್ದರೂ ನಾಲ್ಕನೆಯ ಪ್ರೀತಿಯ ಎದುರಾಳಿ ಇರುವ ತಂಡಕ್ಕೆ ಅವು ಸಾಲುವುದಿಲ್ಲ.

ಬಿಗ್ ಟೆನ್‌ನಲ್ಲಿ ಅಯೋವಾಕ್ಕೆ ಮೂವರು ಕಾಯಂ ಎದುರಾಳಿಗಳಿದ್ದರೆ ಪೆನ್ ಸ್ಟೇಟ್‌ಗೆ ಒಬ್ಬರೂ ಇಲ್ಲ. ಇದು ಅನ್ಯಾಯವಲ್ಲವೇ?

ಬಿಗ್ ಟೆನ್ ಬೇಕೆಂದೇ ಅಸಮಾನ ಕ್ರಮವನ್ನು ಆರಿಸಿಕೊಂಡಿದೆ. ನಿಜವಾದ ಜಿದ್ದು ಇರುವಲ್ಲಿ ರಕ್ಷಣೆ, ಇಲ್ಲದಿರುವಲ್ಲಿ ಬಲವಂತವಾಗಿ ಜೋಡಿ ಕಟ್ಟದಿರುವುದು ಅದರ ನೀತಿ. ಓರೆಗನ್, ವಾಷಿಂಗ್ಟನ್, ಯುಎಸ್‌ಸಿ ಮತ್ತು ಯುಸಿಎಲ್‌ಎ ಸೇರಿ 18 ತಂಡಗಳಾದ 2024ರಿಂದ ಅಲ್ಲಿ 12 ಜೋಡಿಗಳಿಗೆ ವಾರ್ಷಿಕ ರಕ್ಷಣೆಯಿದೆ. ಮಿಷಿಗನ್ ತಂಡವು ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ಸ್ಟೇಟ್ ಎರಡನ್ನೂ ಪ್ರತಿವರ್ಷ ಎದುರಿಸುತ್ತದೆ. ಅಯೋವಾಕ್ಕೆ ಮಿನೆಸೋಟ, ನೆಬ್ರಾಸ್ಕ ಮತ್ತು ವಿಸ್ಕಾನ್ಸಿನ್ ಮೂವರೂ ಕಾಯಂ. ಮಿನೆಸೋಟ ಮತ್ತು ವಿಸ್ಕಾನ್ಸಿನ್ ತಮ್ಮೊಳಗೂ ಆಡುತ್ತವೆ. ಇಲಿನಾಯ್ ತಂಡಕ್ಕೆ ನಾರ್ತ್‌ವೆಸ್ಟರ್ನ್ ಮತ್ತು ಪರ್ಡ್ಯೂ, ಪರ್ಡ್ಯೂಗೆ ಇಂಡಿಯಾನಾ ಸಹ ಇದೆ. ಮೇರಿಲ್ಯಾಂಡ್–ರಟ್ಗರ್ಸ್, ಓರೆಗನ್–ವಾಷಿಂಗ್ಟನ್, ಯುಎಸ್‌ಸಿ–ಯುಸಿಎಲ್‌ಎ ಉಳಿದ ಜೋಡಿಗಳು.

ಇದರ ಹಿಂದಿನ ಭರವಸೆ ಏನೆಂದರೆ, ಐದು ವರ್ಷಗಳ ಅವಧಿಯಲ್ಲಿ ಪ್ರತಿ ತಂಡವೂ ಉಳಿದೆಲ್ಲ ತಂಡಗಳನ್ನು ಕನಿಷ್ಠ ಎರಡು ಬಾರಿ, ಒಮ್ಮೆ ತವರಿನಲ್ಲಿ ಮತ್ತೊಮ್ಮೆ ಹೊರಗೆ, ಎದುರಿಸಬೇಕು. ಈ ಭರವಸೆಯನ್ನು ಅಯೋವಾಕ್ಕೆ ಅನ್ವಯಿಸಿ ನೋಡೋಣ. ಮೂವರು ಕಾಯಂ ಎದುರಾಳಿಗಳನ್ನು ಕಳೆದರೆ 14 ತಂಡಗಳು ಉಳಿಯುತ್ತವೆ. ಅವರೊಂದಿಗೆ ಎರಡೆರಡು ಬಾರಿ ಆಡಲು 28 ಪಂದ್ಯಗಳು ಬೇಕು. ವರ್ಷಕ್ಕೆ ಉಳಿಯುವ 6 ಸ್ಥಾನಗಳಂತೆ ಐದು ವರ್ಷಕ್ಕೆ 30 ಸ್ಥಾನಗಳು ಸಿಗುತ್ತವೆ. ಅಂದರೆ ಎರಡೇ ಎರಡು ಸ್ಥಾನಗಳ ಸಡಿಲ ಉಳಿಯಿತು. ನಾಲ್ಕನೆಯ ಕಾಯಂ ಎದುರಾಳಿಯನ್ನು ಸೇರಿಸಿದ್ದೇ ಆದರೆ 13 ತಂಡಗಳಿಗೆ 26 ಪಂದ್ಯಗಳು ಬೇಕು, ಆದರೆ ಸಿಗುವುದು 25. ಭರವಸೆ ಅಲ್ಲಿಗೆ ಮುರಿದುಬೀಳುತ್ತದೆ. ಆದ್ದರಿಂದ ಮೂರು ಎಂಬ ಮಿತಿ ಯಾರದೋ ಇಷ್ಟಾನಿಷ್ಟದಿಂದ ಬಂದದ್ದಲ್ಲ, ಗಣಿತವೇ ಎಳೆದ ಗೆರೆ.

ಪೆನ್ ಸ್ಟೇಟ್ ಈ ಒಕ್ಕೂಟದಲ್ಲಿ ಆಡತೊಡಗಿದ್ದು 1993ರಲ್ಲಿ. ಅದರ ನಿಜವಾದ ಹಳೆಯ ಜಿದ್ದು ಅದೇ ರಾಜ್ಯದ ಪಿಟ್ಸ್‌ಬರ್ಗ್‌ನೊಂದಿಗೆ ಇತ್ತು, ಮತ್ತು ಪಿಟ್ಸ್‌ಬರ್ಗ್ ಬೇರೆ ಒಕ್ಕೂಟದಲ್ಲಿದೆ. 2016ರಿಂದ 2019ರವರೆಗೆ ನಾಲ್ಕು ವರ್ಷ ನಡೆದ ಸರಣಿಯ ನಂತರ ಆ ಪಂದ್ಯ ಮತ್ತೆ ನಿಂತಿದೆ. ಇಲ್ಲದ ಜಿದ್ದನ್ನು ಹುಟ್ಟಿಸುವ ಬದಲು ಆ ತಂಡವನ್ನು ಎಲ್ಲರೊಂದಿಗೂ ಸರದಿಯಲ್ಲಿ ಆಡಲು ಬಿಟ್ಟಿರುವುದನ್ನು ತಪ್ಪೆನ್ನಲಾಗದು.

ನನಗೆ ನಿಜವಾಗಿ ನೋವು ತರುವುದು ಮಿಷಿಗನ್–ಮಿನೆಸೋಟ ಪಂದ್ಯ ಈ 12ರ ಪಟ್ಟಿಯಲ್ಲಿ ಇಲ್ಲದಿರುವುದು. 1903ರಲ್ಲಿ 6–6ರ ಸಮಬಲದಲ್ಲಿ ಮುಗಿದ ಪಂದ್ಯದ ನಂತರ ಮಿಷಿಗನ್ ತಂಡ ಮಿನಿಯಾಪೊಲಿಸ್‌ನಲ್ಲಿ ಬಿಟ್ಟುಹೋದ ನೀರಿನ ಹೂಜಿಯೇ ಮುಂದೆ ಗೆದ್ದವರಿಗೆ ಸಲ್ಲುವ ಸ್ಮರಣಿಕೆಯಾಯಿತು. ಇಡೀ ದೇಶದ ಕಾಲೇಜು ಫುಟ್‌ಬಾಲಿನಲ್ಲಿ ಇಂತಹ ಸ್ಮರಣಿಕೆಗಳ ಸಂಪ್ರದಾಯಕ್ಕೆ ಮಾದರಿಯಾದ ಆ ಹೂಜಿಗಾಗಿ ಈಗ ಕೆಲವು ವರ್ಷ ಆಟವೇ ನಡೆಯುವುದಿಲ್ಲ.

ಮೊದಲು ಇದ್ದ ಡಿವಿಷನ್‌ಗಳು ಏನಾದವು?

ಡಿವಿಷನ್ ಪದ್ಧತಿಗೆ ಜೀವ ಬಂದದ್ದು ಕಾನ್ಫರೆನ್ಸಿನ ಫೈನಲ್ ಪಂದ್ಯದಿಂದ. 12 ತಂಡಗಳಿದ್ದು ಅವು ಎರಡು ಡಿವಿಷನ್‌ಗಳಾಗಿ ಹಂಚಿಕೆಯಾಗಿದ್ದರೆ ಹೆಚ್ಚುವರಿಯಾಗಿ ಒಂದು ಫೈನಲ್ ಆಡಿಸಬಹುದು ಎಂಬ ನಿಯಮವನ್ನು ಉನ್ನತ ಶ್ರೇಣಿಯಲ್ಲಿ ಮೊದಲು ಬಳಸಿಕೊಂಡದ್ದು ಎಸ್‌ಇಸಿ. ಆರ್ಕನ್ಸಾ ಮತ್ತು ಸೌತ್ ಕ್ಯಾರೊಲಿನಾಗಳನ್ನು ಸೇರಿಸಿಕೊಂಡು 12 ತಂಡಗಳಾದ ಮೇಲೆ 1992ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅದು ತನ್ನ ಮೊದಲ ಫೈನಲ್ ನಡೆಸಿತು. ಅಲಬಾಮಾ ಫ್ಲಾರಿಡಾವನ್ನು ಸೋಲಿಸಿತು. ಆ ಪಂದ್ಯದ ಯಶಸ್ಸನ್ನು ಕಂಡು ಉಳಿದ ಒಕ್ಕೂಟಗಳೂ ಅದೇ ದಾರಿ ಹಿಡಿದವು.

ಡಿವಿಷನ್ ಪದ್ಧತಿಯಲ್ಲಿ ಒಂದೇ ಬದಿಯ ತಂಡಗಳು ಪ್ರತಿವರ್ಷ ಆಡುತ್ತಿದ್ದವು, ಹಾಗಾಗಿ ಆ ಬದಿಯೊಳಗಿನ ಜಿದ್ದುಗಳು ಸುರಕ್ಷಿತವಾಗಿದ್ದವು. ಗೆರೆಯ ಆಚೆಗಿದ್ದ ತಂಡಗಳ ಪಾಡು ಬೇರೆ. ಎಸ್‌ಇಸಿಯಲ್ಲಿ ಮೊದಲು ಆಚೆ ಬದಿಯ ಇಬ್ಬರು ಕಾಯಂ ಎದುರಾಳಿಗಳಿದ್ದರು. 2002ರ ನಂತರ ಅದನ್ನು ಒಬ್ಬರಿಗೆ ಇಳಿಸಿದಾಗ ಆಬರ್ನ್ ತಂಡವು ಜಾರ್ಜಿಯಾವನ್ನು ಉಳಿಸಿಕೊಂಡು ಫ್ಲಾರಿಡಾದೊಂದಿಗಿನ ವಾರ್ಷಿಕ ಪಂದ್ಯವನ್ನು ಕಳೆದುಕೊಂಡಿತು. 2012ರಲ್ಲಿ ಮಿಸೂರಿ ಮತ್ತು ಟೆಕ್ಸಸ್ ಎ ಅಂಡ್ ಎಂ ಬಂದು 14 ತಂಡಗಳಾದ ಮೇಲೆ ವರ್ಷಕ್ಕೆ ಆರು ಡಿವಿಷನ್ ಪಂದ್ಯಗಳು, ಆಚೆ ಬದಿಯ ಒಬ್ಬ ಕಾಯಂ ಎದುರಾಳಿ, ಒಬ್ಬ ಸರದಿಯ ಎದುರಾಳಿ ಎಂಬ ಕ್ರಮ ಬಂತು. ಆಚೆ ಬದಿಯ ಉಳಿದ ಆರು ತಂಡಗಳಲ್ಲಿ ಒಂದೊಂದನ್ನು ಒಮ್ಮೆ ನೋಡಲು ಆರು ವರ್ಷ, ತವರಿನಲ್ಲೂ ಹೊರಗೂ ಆಡಿ ಮುಗಿಸಲು ಹನ್ನೆರಡು ವರ್ಷ ಕಾಯಬೇಕಾಯಿತು. ಪರಿಣಾಮವಾಗಿ 2012ರಿಂದ ಡಿವಿಷನ್‌ಗಳು ರದ್ದಾಗುವ ಮುನ್ನ 2023ರವರೆಗೆ ಜಾರ್ಜಿಯಾ ಮತ್ತು ಟೆಕ್ಸಸ್ ಎ ಅಂಡ್ ಎಂ ಒಂದೇ ಒಕ್ಕೂಟದಲ್ಲಿದ್ದೂ ಋತುವಿನ ಪಂದ್ಯದಲ್ಲಿ ಭೇಟಿಯಾದದ್ದು ಒಂದೇ ಬಾರಿ, 2019ರಲ್ಲಿ. ನಾಲ್ಕು ವರ್ಷ ಓದಿ ಪದವಿ ಪಡೆಯುವ ವಿದ್ಯಾರ್ಥಿ ತನ್ನದೇ ಒಕ್ಕೂಟದ ಎಷ್ಟೋ ತಂಡಗಳನ್ನು ತನ್ನ ಮೈದಾನದಲ್ಲಿ ಒಮ್ಮೆಯೂ ನೋಡದೆ ಹೊರಡುವ ಈ ಪದ್ಧತಿಯನ್ನು ಒಕ್ಕೂಟ ಎಂದು ಕರೆಯುವುದೇ ಕಷ್ಟವಾಗಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನೆಬ್ರಾಸ್ಕ–ಒಕ್ಲಹೋಮ ಪಂದ್ಯಕ್ಕೆ. 1928ರಿಂದ ಪ್ರತಿವರ್ಷ ನಡೆದಿದ್ದ, 1971ರ ಥ್ಯಾಂಕ್ಸ್‌ಗಿವಿಂಗ್ ದಿನ ನೆಬ್ರಾಸ್ಕ 35–31ರಿಂದ ಗೆದ್ದ ಪಂದ್ಯದ ಮೂಲಕ ಇಡೀ ದೇಶವೇ ನೆನಪಿಟ್ಟುಕೊಂಡ ಜಿದ್ದು ಅದು. 1996ರಲ್ಲಿ ಬಿಗ್ ಟ್ವೆಲ್ವ್ ಆಟ ಆರಂಭಿಸಿದಾಗ ನೆಬ್ರಾಸ್ಕ ಉತ್ತರಕ್ಕೂ ಒಕ್ಲಹೋಮ ದಕ್ಷಿಣಕ್ಕೂ ಸೇರಿದವು. ಗೆರೆಯಾಚೆ ಕಾಯಂ ಜೋಡಿಗಳಿಗೆ ಅವಕಾಶವಿರಲಿಲ್ಲವಾದ್ದರಿಂದ 1998ರಲ್ಲಿ ಪಂದ್ಯ ಪಟ್ಟಿಯಿಂದ ಬಿಟ್ಟುಹೋಯಿತು; ಎರಡು ವರ್ಷ ಆಟ, ಎರಡು ವರ್ಷ ಬಿಡುವು ಎಂಬ ಲಯದಲ್ಲಿ ಹಳೆಯ ಕಾವು ಮರಳಿ ಬರಲೇ ಇಲ್ಲ.

ಒಂದೇ ಒಕ್ಕೂಟದ ಎರಡು ತಂಡಗಳು ಆಡಿದರೂ ಅದು ಕಾನ್ಫರೆನ್ಸ್ ಪಂದ್ಯವಲ್ಲ ಎನ್ನುವುದುಂಟೇ?

ಉಂಟು. ನಾರ್ತ್ ಕ್ಯಾರೊಲಿನಾ ಮತ್ತು ವೇಕ್ ಫಾರೆಸ್ಟ್ 1888ರಿಂದ ಆಡುತ್ತಿರುವ ನೆರೆಹೊರೆಯ ತಂಡಗಳು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ ಒಕ್ಕೂಟದ ಡಿವಿಷನ್ ಗೆರೆ ಇವುಗಳ ನಡುವೆ ಹಾದುಹೋದಾಗ ಸರದಿ ಬರುವವರೆಗೆ ಕಾಯುವುದು ಸಾಕೆನಿಸಿ, 2019 ಮತ್ತು 2021ರಲ್ಲಿ ತಾವೇ ಒಪ್ಪಂದ ಮಾಡಿಕೊಂಡು ಅಂಕಪಟ್ಟಿಗೆ ಲೆಕ್ಕವಿಲ್ಲದ ಹೊರಗಿನ ಪಂದ್ಯಗಳಾಗಿ ಆಡಿದವು. ಆಡಬೇಕೆಂಬ ಮನಸ್ಸಿದ್ದರೆ ದಾರಿ ಸಿಗುತ್ತದೆ ಎಂಬುದನ್ನು ಇವೆರಡು ವಿಶ್ವವಿದ್ಯಾಲಯಗಳು ತೋರಿಸಿಕೊಟ್ಟವು. 2024ರಲ್ಲಿ ಬಿಗ್ ಟ್ವೆಲ್ವ್‌ಗೆ ಹೊಸದಾಗಿ ಬಂದ ಯೂಟಾ ತಂಡ ಬೇಲರ್‌ನೊಂದಿಗೆ ಆಡಿದ ಪಂದ್ಯವೂ ಹೀಗೆಯೇ ಲೆಕ್ಕದ ಹೊರಗಿತ್ತು. ಇಬ್ಬರೂ ಬೇರೆ ಬೇರೆ ಒಕ್ಕೂಟಗಳಲ್ಲಿದ್ದಾಗ ಮಾಡಿಕೊಂಡ ಹಳೆಯ ಒಪ್ಪಂದ ಅದಾಗಿತ್ತು.

ಡಿವಿಷನ್ ಇಲ್ಲದ ಮೇಲೆ ಫೈನಲ್‌ಗೆ ಯಾರು ಹೋಗುತ್ತಾರೆ?

2022ರ ಮೇ ತಿಂಗಳಿನಲ್ಲಿ ಎನ್‌ಸಿಎಎ ನಿಯಮವನ್ನು ಸಡಿಲಿಸಿ, ಫೈನಲ್ ತಂಡಗಳನ್ನು ಹೇಗೆ ಆರಿಸಬೇಕೆಂಬುದನ್ನು ಒಕ್ಕೂಟಗಳಿಗೇ ಬಿಟ್ಟಿತು. ಪಶ್ಚಿಮ ಭಾಗದ ಒಕ್ಕೂಟವಾದ ಪ್ಯಾಕ್ ಟ್ವೆಲ್ವ್ ಅದೇ ವರ್ಷ, ಎಸಿಸಿ 2023ರಲ್ಲಿ, ಎಸ್‌ಇಸಿ ಮತ್ತು ಬಿಗ್ ಟೆನ್ 2024ರಲ್ಲಿ ಡಿವಿಷನ್‌ಗಳನ್ನು ಬಿಟ್ಟವು. ಈಗ ಅಂಕಪಟ್ಟಿಯ ಮೊದಲ ಎರಡು ತಂಡಗಳು ಫೈನಲ್ ಆಡುತ್ತವೆ. ಇದರಲ್ಲೊಂದು ಕೊರತೆಯಿದೆ: ಎಲ್ಲರೂ ಬೇರೆ ಬೇರೆ ಎದುರಾಳಿಗಳನ್ನು ಎದುರಿಸಿರುವುದರಿಂದ ಸಮಾನ ಗೆಲುವು ಪಡೆದ ಮೂರು ನಾಲ್ಕು ತಂಡಗಳನ್ನು ಬೇರ್ಪಡಿಸಲು ಉದ್ದನೆಯ ನಿಯಮಾವಳಿಗಳು ಬೇಕಾಗುತ್ತವೆ. ಹಳೆಯ ಜಿದ್ದನ್ನು ಉಳಿಸಿಕೊಳ್ಳಲು ಪ್ರತಿವರ್ಷ ಬಲಿಷ್ಠ ನೆರೆಯವರನ್ನು ಎದುರಿಸುವ ತಂಡಕ್ಕೆ ಹಗುರ ಪಟ್ಟಿಯ ತಂಡದಷ್ಟೇ ಗೌರವ ಸಿಗುತ್ತದೆ ಎಂಬ ಕೊರಗು ಸಹಜವಾದದ್ದೇ.

17 ತಂಡಗಳಿರುವ ಎಸಿಸಿಗೆ ಇನ್ನೊಂದು ತೊಡಕೂ ಇದೆ. ಪ್ರತಿ ತಂಡವೂ 9 ಪಂದ್ಯ ಆಡಬೇಕೆಂದರೆ 17ನ್ನು 9ರಿಂದ ಗುಣಿಸಿ 153 ಬರುತ್ತದೆ. ಪ್ರತಿ ಪಂದ್ಯಕ್ಕೂ ಎರಡು ತಂಡಗಳು ಬೇಕಾದ್ದರಿಂದ ಬೆಸ ಸಂಖ್ಯೆ ಕೂಡಿಬರುವುದಿಲ್ಲ. ಹಾಗಾಗಿ 9 ಪಂದ್ಯಗಳ ಕ್ರಮಕ್ಕೆ ಹೋದರೂ ಅಲ್ಲಿ ಕನಿಷ್ಠ ಒಂದು ತಂಡ 8 ಪಂದ್ಯಗಳಿಗೆ ನಿಲ್ಲಲೇಬೇಕು.

ಒಂದು ವಿಶ್ವವಿದ್ಯಾಲಯ ಬೇರೆ ಕಾನ್ಫರೆನ್ಸ್‌ಗೆ ಹೋದರೆ ಅದರ ಹಳೆಯ ಜಿದ್ದಿನ ಗತಿಯೇನು?

ಎರಡೂ ಕಡೆಯ ಆಡಳಿತಗಳು ಮನಸ್ಸು ಮಾಡಿದರೆ ಉಳಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಅಭಿಮಾನಿಗಳ ಪ್ರೀತಿ ಎಷ್ಟೇ ಗಾಢವಾಗಿದ್ದರೂ ಪಟ್ಟಿಯಲ್ಲಿ ಒಂದು ಶನಿವಾರವನ್ನು ಯಾರಾದರೂ ಸಹಿ ಹಾಕಿ ಮೀಸಲಿಡದಿದ್ದರೆ ಪಂದ್ಯ ನಡೆಯುವುದಿಲ್ಲ.

ಉಳಿದ ಉದಾಹರಣೆಗಳು ಮೊದಲು. ಜಾರ್ಜಿಯಾ ಟೆಕ್ 1964ರಲ್ಲಿ ಎಸ್‌ಇಸಿ ತೊರೆಯಿತು, ಸೌತ್ ಕ್ಯಾರೊಲಿನಾ 1971ರಲ್ಲಿ ಎಸಿಸಿ ತೊರೆಯಿತು. ಹಾಗಿದ್ದೂ ಜಾರ್ಜಿಯಾ–ಜಾರ್ಜಿಯಾ ಟೆಕ್ ಮತ್ತು ಸೌತ್ ಕ್ಯಾರೊಲಿನಾ–ಕ್ಲೆಮ್ಸನ್ ಪಂದ್ಯಗಳು ಇಂದಿಗೂ ಋತುವಿನ ಕೊನೆಯ ವಾರದಲ್ಲಿ ನಡೆಯುತ್ತವೆ. ಎರಡನೆಯದು 1909ರಿಂದ 2019ರವರೆಗೆ ಒಂದು ವರ್ಷವೂ ತಪ್ಪಿರಲಿಲ್ಲ. ಕೋವಿಡ್ ಕಾಲದಲ್ಲಿ ಎಸ್‌ಇಸಿ ಹೊರಗಿನ ಪಂದ್ಯಗಳನ್ನೆಲ್ಲ ಕೈಬಿಟ್ಟಾಗ, 2020ರಲ್ಲಿ ತಪ್ಪಿತು. ಫ್ಲಾರಿಡಾ–ಫ್ಲಾರಿಡಾ ಸ್ಟೇಟ್, ಕೆಂಟಕಿ–ಲೂಯಿವಿಲ್ ಜೋಡಿಗಳೂ ಇದೇ ರೀತಿ ಒಕ್ಕೂಟಗಳ ಗೆರೆ ದಾಟಿ ಆಡುತ್ತವೆ.

ಇನ್ನು ಮುರಿದ ಉದಾಹರಣೆಗಳು. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ಮೊದಲು ಆಡಿದ್ದು 1894ರಲ್ಲಿ. 1915ರಿಂದ ಒಂದು ವರ್ಷವೂ ಬಿಟ್ಟಿರಲಿಲ್ಲ. ಎ ಅಂಡ್ ಎಂ ಎಸ್‌ಇಸಿಗೆ ಹೊರಟುನಿಂತಿದ್ದ 2011ರಲ್ಲಿ ಕೊನೆಯ ಒದೆತದಲ್ಲಿ ಟೆಕ್ಸಸ್ 27–25ರಿಂದ ಗೆದ್ದಿತು, ಮತ್ತು ಆ ಫಲಿತಾಂಶಕ್ಕೆ ಉತ್ತರ ಕೊಡಲು ಎದುರಾಳಿಗೆ 13 ವರ್ಷ ಅವಕಾಶ ಸಿಗಲಿಲ್ಲ. ಒಂದು ತಲೆಮಾರಿನ ಆಟಗಾರರಲ್ಲಿ ಯಾರೊಬ್ಬರಿಗೂ ಈ ಪಂದ್ಯ ಆಡುವ ಭಾಗ್ಯ ದೊರೆಯಲಿಲ್ಲ. ಟೆಕ್ಸಸ್ ಕೂಡ ಎಸ್‌ಇಸಿ ಸೇರಿದ ಮೇಲೆ, 2024ರ ನವೆಂಬರ್ 30ರಂದು, ಕಾಲೇಜ್ ಸ್ಟೇಷನ್‌ನಲ್ಲಿ ಅದು ಮರಳಿ ನಡೆಯಿತು. ಟೆಕ್ಸಸ್ 17–7ರಿಂದ ಗೆದ್ದಿತು.

ಆದರೆ ಟೆಕ್ಸಸ್ ಮತ್ತು ಒಕ್ಲಹೋಮ ಒಟ್ಟಿಗೆ ಹೊರಟ ಅದೇ ನಿರ್ಧಾರ ಮತ್ತೊಂದು ಜಿದ್ದನ್ನು ಮುರಿಯಿತು. ಒಕ್ಲಹೋಮ–ಒಕ್ಲಹೋಮ ಸ್ಟೇಟ್ ಪಂದ್ಯ 1910ರಿಂದ ಪ್ರತಿವರ್ಷ ನಡೆದುಬಂದಿತ್ತು. 2023ರ ನವೆಂಬರ್ 4ರಂದು ಸ್ಟಿಲ್‌ವಾಟರ್‌ನಲ್ಲಿ ಒಕ್ಲಹೋಮ ಸ್ಟೇಟ್ 27–24ರಿಂದ ಗೆದ್ದ ಪಂದ್ಯದೊಂದಿಗೆ ಆ ಸರಪಳಿ ಕಡಿಯಿತು. ಎರಡೂ ಕಡೆ ಮುಂದಿನ ಹಲವು ವರ್ಷಗಳ ಹೊರಗಿನ ಪಂದ್ಯಗಳು ಆಗಲೇ ನಿಗದಿಯಾಗಿದ್ದವು ಎಂಬುದು ಕೊಟ್ಟ ಕಾರಣ. ಒಂದೇ ರಾಜ್ಯದ, ರಸ್ತೆಯಲ್ಲಿ ಒಂದೂವರೆ ಗಂಟೆ ದೂರದ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳು ವರ್ಷಕ್ಕೊಂದು ಶನಿವಾರವನ್ನು ಹೊಂದಿಸಿಕೊಳ್ಳಲಾಗದೆ ಹೋದದ್ದನ್ನು ನಾನು ಒಪ್ಪಲಾರೆ. ದೂರದ ತಂಡಗಳೊಂದಿಗಿನ ಒಪ್ಪಂದಗಳನ್ನು ದಂಡ ತೆತ್ತು ರದ್ದುಪಡಿಸುವುದು ಈ ಆಟದಲ್ಲಿ ಅಪರೂಪವೇನಲ್ಲ.

ಪಶ್ಚಿಮದಲ್ಲಿ ಪ್ಯಾಕ್ ಟ್ವೆಲ್ವ್ 2023ರಲ್ಲಿ ಒಡೆದಾಗ ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ಕೂಡಲೇ 2028ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿದವು. ಪಂದ್ಯ ಉಳಿಯಿತು, ಆದರೆ ನವೆಂಬರ್ ಕೊನೆಯಿಂದ ಸೆಪ್ಟೆಂಬರ್‌ಗೆ ಸರಿಯಿತು, ಏಕೆಂದರೆ ನವೆಂಬರ್ ಶನಿವಾರಗಳೆಲ್ಲ ಹೊಸ ಒಕ್ಕೂಟದ ಪಂದ್ಯಗಳಿಗೆ ಹೋಗಿದ್ದವು. 2024ರಲ್ಲಿ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ 24–19ರಿಂದ ಗೆದ್ದಾಗ ಆ ಊರಿನಲ್ಲಿ ಉಂಟಾದ ಸಂಭ್ರಮವನ್ನು ನೋಡಿದವರು ಪಂದ್ಯವನ್ನು ಉಳಿಸಿಕೊಂಡದ್ದು ಸರಿಯೆಂದೇ ಹೇಳುತ್ತಾರೆ.

ನಿಂತ ಪಂದ್ಯಗಳು ಮತ್ತೆ ಆರಂಭವಾಗುತ್ತವೆಯೇ?

ಆಗುತ್ತವೆ, ಆದರೆ ತಡವಾಗಿ. ಪಿಟ್ಸ್‌ಬರ್ಗ್–ವೆಸ್ಟ್ ವರ್ಜೀನಿಯಾ 2011ರ ನಂತರ 2022ರಲ್ಲಿ, ಕ್ಯಾನ್ಸಸ್–ಮಿಸೂರಿ 2011ರ ನಂತರ 2025ರಲ್ಲಿ ಮರಳಿದವು. ಬಹಳ ದೀರ್ಘ ಕಾಲ ನಡೆದ ಮುನಿಸು ಅಲಬಾಮಾ–ಆಬರ್ನ್ ನಡುವಿನದು. 1907ರ 6–6ರ ಪಂದ್ಯದ ನಂತರ ಆಟಗಾರರ ಪ್ರಯಾಣ ಭತ್ಯೆ ಮತ್ತು ಅಂಪೈರ್ ನೇಮಕದಂತಹ ಸಣ್ಣ ವಿಷಯಗಳಲ್ಲಿ ಜಗಳವಾಗಿ ಇವೆರಡೂ 41 ವರ್ಷ ಆಡಲಿಲ್ಲ. ರಾಜ್ಯದ ಶಾಸನಸಭೆಯೂ ಒತ್ತಾಯಿಸಿದ ಬಳಿಕ 1948ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮತ್ತೆ ಶುರುವಾಯಿತು. ಇಂದು ಅದಿಲ್ಲದ ನವೆಂಬರ್‌ ಅನ್ನು ಅಲಬಾಮಾ ರಾಜ್ಯದಲ್ಲಿ ಯಾರೂ ಊಹಿಸಲಾರರು.

ಕಾನ್ಫರೆನ್ಸ್ ಹೊರಗಿನ ಪಂದ್ಯಗಳು ಹೇಗೆ ನಿಗದಿಯಾಗುತ್ತವೆ?

ಇವುಗಳಲ್ಲಿ ಎರಡು ಬಗೆ. ಸರಿಸಮಾನ ವಿಶ್ವವಿದ್ಯಾಲಯಗಳು ಒಂದು ವರ್ಷ ನಿಮ್ಮಲ್ಲಿ, ಇನ್ನೊಂದು ವರ್ಷ ನಮ್ಮಲ್ಲಿ ಎಂದು ಒಪ್ಪಂದ ಮಾಡಿಕೊಳ್ಳುತ್ತವೆ, ಅದೂ ಎಷ್ಟೋ ಬಾರಿ ಹತ್ತು ವರ್ಷ ಮುಂಚೆ. ದೊಡ್ಡ ವಿಶ್ವವಿದ್ಯಾಲಯವು ಚಿಕ್ಕದಕ್ಕೆ ದೊಡ್ಡ ಮೊತ್ತ ಕೊಟ್ಟು ತನ್ನ ಮೈದಾನಕ್ಕೆ ಕರೆಸಿಕೊಳ್ಳುವುದು ಎರಡನೆಯ ಬಗೆ. ಅಲ್ಲಿ ಮರುಭೇಟಿಯ ಹಂಗಿಲ್ಲ. ಚಿಕ್ಕ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಆ ಹಣ ವರ್ಷವಿಡೀ ಆಸರೆಯಾಗುತ್ತದೆ. 2007ರಲ್ಲಿ ಕೆಳ ಶ್ರೇಣಿಯ ಅಪಲೇಚಿಯನ್ ಸ್ಟೇಟ್ ಮಿಷಿಗನ್ ಮೈದಾನಕ್ಕೆ ಹೋಗಿ 34–32ರಿಂದ ಗೆದ್ದದ್ದು ಇಂತಹ ಪಂದ್ಯದಲ್ಲಿಯೇ. ಫುಟ್‌ಬಾಲಿನಲ್ಲಿ ಯಾವ ಒಕ್ಕೂಟಕ್ಕೂ ಸೇರದ ನೋಟರ್ ಡೇಮ್ ತನ್ನ ಪಟ್ಟಿಯನ್ನು ಪೂರ್ತಿಯಾಗಿ ಒಪ್ಪಂದಗಳಿಂದಲೇ ಕಟ್ಟುತ್ತದೆ. 2014ರಿಂದ ವರ್ಷಕ್ಕೆ ಸರಾಸರಿ ಐದು ಪಂದ್ಯಗಳನ್ನು ಎಸಿಸಿ ತಂಡಗಳೊಂದಿಗೆ ಆಡುವುದಾಗಿ ಅದು ಒಪ್ಪಿಕೊಂಡಿದೆ.

ದಿನಾಂಕ ಮತ್ತು ಸ್ಥಳಕ್ಕೂ ಜಿದ್ದಿಗೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. ಒಹಾಯೊ ಸ್ಟೇಟ್–ಮಿಷಿಗನ್ ಪಂದ್ಯ 1935ರಿಂದ ಈಚೆಗೆ ಋತುವಿನ ಕೊನೆಯ ಪಂದ್ಯವೆಂದೇ ರೂಢಿಯಾಗಿದೆ. 2011ರಿಂದ ಬರಲಿದ್ದ ಡಿವಿಷನ್‌ಗಳಿಗಾಗಿ ಬಿಗ್ ಟೆನ್ ತಯಾರಿ ನಡೆಸುತ್ತಿದ್ದಾಗ ಅದನ್ನು ಅಕ್ಟೋಬರ್‌ಗೆ ಸರಿಸುವ ಮಾತು ಬಂತು. ಎರಡೂ ಕಡೆಯ ಅಭಿಮಾನಿಗಳು ತೀವ್ರವಾಗಿ ವಿರೋಧಿಸಿದರು. ಕೊನೆಗೆ ತಂಡಗಳು ಬೇರೆ ಡಿವಿಷನ್‌ಗಳಿಗೆ ಹೋದರೂ ಪಂದ್ಯ ಕೊನೆಯ ಶನಿವಾರದಲ್ಲೇ ಉಳಿಯಿತು.

ಟೆಕ್ಸಸ್–ಒಕ್ಲಹೋಮ ಪಂದ್ಯ ನಡೆಯುವುದು ಇಬ್ಬರ ತವರೂ ಅಲ್ಲದ ಡಲ್ಲಾಸ್‌ನಲ್ಲಿ, ಅಕ್ಟೋಬರ್‌ನಲ್ಲಿ ಟೆಕ್ಸಸ್ ರಾಜ್ಯದ ಜಾತ್ರೆ ನಡೆಯುವ ಆವರಣದ ಕಾಟನ್ ಬೌಲ್ ಕ್ರೀಡಾಂಗಣದಲ್ಲಿ. ಮೈದಾನದ ಮಧ್ಯದ ಗೆರೆಯಿಂದ ಪ್ರೇಕ್ಷಕರ ಆಸನಗಳೂ ಎರಡು ಬಣ್ಣಗಳಾಗಿ ಸರಿಸಮನಾಗಿ ಹಂಚಿಕೆಯಾಗುತ್ತವೆ. ಫ್ಲಾರಿಡಾ–ಜಾರ್ಜಿಯಾ ಪಂದ್ಯದ ನೆಲೆ ಜಾಕ್ಸನ್‌ವಿಲ್. ಅಲ್ಲಿನ ಕ್ರೀಡಾಂಗಣದ ನವೀಕರಣದ ಕಾರಣ 2026ರಲ್ಲಿ ಅಟ್ಲಾಂಟಾದಲ್ಲೂ 2027ರಲ್ಲಿ ಟ್ಯಾಂಪಾದಲ್ಲೂ ನಡೆಯಲಿದೆ. ಅಮೆರಿಕದ ಭೂಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ನಡುವೆ 1890ರಲ್ಲಿ ಆರಂಭವಾದ ಆರ್ಮಿ–ನೇವಿ ಪಂದ್ಯಕ್ಕೆ ಡಿಸೆಂಬರ್‌ನ ಎರಡನೆಯ ಶನಿವಾರವೇ ಮೀಸಲು. 2024ರಲ್ಲಿ ಆರ್ಮಿಯೂ ನೇವಿಯಿದ್ದ ಅಮೆರಿಕನ್ ಕಾನ್ಫರೆನ್ಸ್‌ಗೇ ಸೇರಿತಾದರೂ ಈ ಪಂದ್ಯವನ್ನು ಕಾನ್ಫರೆನ್ಸಿನ ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದ್ದರೆ ಅದನ್ನು ಫೈನಲ್‌ಗೆ ಮುಂಚೆ, ನವೆಂಬರ್‌ನಲ್ಲೇ ಆಡಬೇಕಾಗುತ್ತಿತ್ತು. ಒಕ್ಕೂಟವೊಂದು ಸಂಪ್ರದಾಯಕ್ಕಾಗಿ ತನ್ನ ನಿಯಮವನ್ನೇ ಬದಿಗಿಟ್ಟ ಉತ್ತಮ ಮೇಲ್ಪಂಕ್ತಿ ಇದು.

ಇದರಲ್ಲಿ ಟಿವಿ ವಾಹಿನಿಗಳ ಪಾತ್ರ ಎಷ್ಟು?

1984ರವರೆಗೆ ಟಿವಿ ಪ್ರಸಾರದ ಹಕ್ಕು ಎನ್‌ಸಿಎಎ ಕೈಯಲ್ಲಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಡೆಯಿಂದ ಬಂದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಏಕಸ್ವಾಮ್ಯವನ್ನು ರದ್ದುಪಡಿಸಿದ ಮೇಲೆ ಒಕ್ಕೂಟಗಳು ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು. ಒಕ್ಕೂಟಗಳು ಇಷ್ಟು ಹಿಗ್ಗಿದ್ದರ ಹಿಂದಿನ ದೊಡ್ಡ ಕಾರಣ ಇದೇ ಆದಾಯ. ಜಿದ್ದಿನ ಪಂದ್ಯಗಳಿಗೆ ಅತಿ ಹೆಚ್ಚು ವೀಕ್ಷಕರಿರುವುದರಿಂದ ವಾಹಿನಿಗಳು ಅವುಗಳ ಪರವಾಗಿಯೇ ಇರುತ್ತವೆ. ಆದರೆ ಆ ಒಲವು ದೊಡ್ಡ ಹೆಸರುಗಳಿಗೆ ಸೀಮಿತ. ಅಯೋವಾ–ಮಿನೆಸೋಟ ತಂಡಗಳು 1935ರಿಂದ ಕಂಚಿನ ಹಂದಿಯ ಸ್ಮರಣಿಕೆಗಾಗಿ ಆಡುವ ಪಂದ್ಯದಂತಹವುಗಳಿಗೆ ಒಕ್ಕೂಟವೇ ಕಾವಲು ನಿಲ್ಲಬೇಕು.

12 ತಂಡಗಳ ಪ್ಲೇಆಫ್ ಬಂದ ಮೇಲೆ ಜಿದ್ದಿನ ಪಂದ್ಯಗಳ ಬೆಲೆ ಕುಗ್ಗಿದೆಯೇ?

ಋತುವಿನ ಕೊನೆಯಲ್ಲಿ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ 2024ರಲ್ಲಿ 4 ತಂಡಗಳಿಂದ 12ಕ್ಕೆ ಏರಿತು. ಅದೇ ವರ್ಷ ನವೆಂಬರ್ 30ರಂದು ಒಹಾಯೊ ಸ್ಟೇಟ್ ತನ್ನ ತವರಿನಲ್ಲೇ ಮಿಷಿಗನ್‌ಗೆ 13–10ರಿಂದ ಸೋತಿತು. ಆದರೂ ಪ್ಲೇಆಫ್‌ಗೆ ಆಯ್ಕೆಯಾಗಿ ಜನವರಿಯಲ್ಲಿ ನೋಟರ್ ಡೇಮ್ ತಂಡವನ್ನು 34–23ರಿಂದ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಹಿಂದಿನ ವ್ಯವಸ್ಥೆಯಲ್ಲಿ ಅಂತಹ ಸೋಲು ಆಸೆಯನ್ನೇ ಕೊನೆಗಾಣಿಸುವ ಸಂಭವ ಹೆಚ್ಚಿತ್ತು. ಒಂದು ಸೋಲಿನ ಶಿಕ್ಷೆ ಕಡಿಮೆಯಾಗಿದೆ ಎಂಬುದು ನಿಜ. ಆದರೆ ಚಾಂಪಿಯನ್ ಆದ ಮೇಲೂ ಆ ಊರಿನ ಜನ ಮಿಷಿಗನ್ ಎದುರಿನ ಸೋಲನ್ನು ಮರೆತಿಲ್ಲ. ಶಿಕ್ಷೆ ಕಡಿಮೆಯಾದದ್ದರಿಂದಲೇ ಕಠಿಣ ಎದುರಾಳಿಗಳನ್ನು ಒಪ್ಪಿಕೊಳ್ಳಲು ಒಕ್ಕೂಟಗಳಿಗೆ ಧೈರ್ಯ ಬಂದಿತೆಂದೂ ವಾದಿಸಬಹುದು. ಪ್ಲೇಆಫ್ ಹಿಗ್ಗಿದ ಮರುವರ್ಷವೇ ಎಸ್‌ಇಸಿ 9 ಪಂದ್ಯಗಳಿಗೆ ಒಪ್ಪಿತು.

ಪಂದ್ಯ ನೋಡಲು ಹೋಗುವವರು ದಿನಾಂಕ, ಸಮಯಗಳನ್ನು ಯಾವಾಗ ತಿಳಿಯಬಹುದು?

ಎದುರಾಳಿಗಳು ಯಾರು, ಪಂದ್ಯ ಎಲ್ಲಿ ಎಂಬುದು ವರ್ಷಗಳ ಮೊದಲೇ ಗೊತ್ತಿರುತ್ತದೆ. ದಿನಾಂಕಗಳು ಸಾಮಾನ್ಯವಾಗಿ ಹಿಂದಿನ ಚಳಿಗಾಲದ ಹೊತ್ತಿಗೆ ಪ್ರಕಟವಾಗುತ್ತವೆ. ಆದರೆ ಆರಂಭದ ಸಮಯವನ್ನು ಅನೇಕ ಪಂದ್ಯಗಳಿಗೆ ವಾಹಿನಿಗಳು 12 ದಿನ ಮುಂಚೆ, ಕೆಲವಕ್ಕೆ 6 ದಿನ ಮುಂಚೆಯಷ್ಟೇ ನಿರ್ಧರಿಸುತ್ತವೆ. ಆದ್ದರಿಂದ ದೂರದಿಂದ ಬರುವವರು, ಅದರಲ್ಲೂ ಮಗನನ್ನೋ ಮಗಳನ್ನೋ ನೋಡಲು ಊರಿನಿಂದ ಬರುವ ತಂದೆತಾಯಿಯರನ್ನು ಪಂದ್ಯಕ್ಕೆ ಕರೆದೊಯ್ಯುವವರು, ಶನಿವಾರ ರಾತ್ರಿಯ ವಿಮಾನ ಕಾಯ್ದಿರಿಸದೆ ಭಾನುವಾರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಥ್ಯಾಂಕ್ಸ್‌ಗಿವಿಂಗ್ ವಾರದ ಪಂದ್ಯಗಳಲ್ಲಿ ಕೆಲವು ಶುಕ್ರವಾರಕ್ಕೆ ಸರಿಯುತ್ತವೆ, ಮಿಸಿಸಿಪ್ಪಿ ರಾಜ್ಯದ ಎರಡು ವಿಶ್ವವಿದ್ಯಾಲಯಗಳ ಪಂದ್ಯ ಗುರುವಾರ ನಡೆದದ್ದೂ ಉಂಟು. ಹೋಟೆಲ್ ಕಾಯ್ದಿರಿಸುವ ಮುನ್ನ ಆ ವರ್ಷದ ದಿನಾಂಕವನ್ನು ಒಕ್ಕೂಟದ ಅಧಿಕೃತ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.